ಹಗೇವಿನೊಳಗಿನ ಕವಾಯತು

ನನ್ನ ಅಪ್ಪ ಯುದ್ಧ ಕಲಿತದ್ದು ಒಂದು ದಿನದ ತರಬೇತಿಯಲ್ಲಿ. ಅರವತ್ತೈದರ ಯುದ್ಧ ಶುರುವಾದ ಹೊಸದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರನ್ನು ವಿಜಾಪುರಕ್ಕೆ ಕರೆಸಿ, ವಿಮಾನ ಬಂದರೆ ಏನು ಮಾಡಬೇಕೆಂದು ಹೇಳಿಕೊಟ್ಟರು. ಟಿಕೋಟಾದಲ್ಲಿ ನಾಲ್ಕನೇ ಇಯತ್ತೆಗೆ ಕಲಿಸುತ್ತಿದ್ದ ಅಪ್ಪ ಬೆಳಗಿನ ಬಸ್ಸಿಗೆ ಮಾಸ್ತರನಾಗಿ ಹೋಗಿ ಸಂಜೆಯ ಬಸ್ಸಿಗೆ ಸುಬೇದಾರನಾಗಿ ಇಳಿದ. ಕೊರಳಲ್ಲಿ ಹಿತ್ತಾಳೆಯ ಸೀಟಿ, ಕೈಯಲ್ಲಿ ಎಂಟು ಪುಟದ ಪುಸ್ತಿಕೆ. ನಾನು ಆಗ ಅದೇ ನಾಲ್ಕನೇ ಇಯತ್ತೆಯಲ್ಲಿದ್ದೆ. ಹಾಗಾಗಿ ಶಾಲೆಯಲ್ಲೂ ಅವನ ಸೀಟಿ, ಮನೆಯಲ್ಲೂ ಅವನ ಸೀಟಿ. ನನ್ನ ಗ್ರಹಚಾರ.

ಮನೆಯಲ್ಲಿ ಇದ್ದವರು ನಾಲ್ವರು. ಅಪ್ಪ, ಅವ್ವ, ಹತ್ತು ವರ್ಷದ ನಾನು, ಆರು ವರ್ಷದ ನನ್ನ ತಂಗಿ. ಗಂಡುಮಕ್ಕಳಿಲ್ಲದ್ದರಿಂದ ಅಪ್ಪನ ಸೈನ್ಯಕ್ಕೆ ನಾವಿಬ್ಬರೇ ಭರ್ತಿಯಾದೆವು. ಒಂದು ಸಲ ಸೀಟಿ ಊದಿದರೆ ಇದ್ದಲ್ಲೇ ಬೋರಲು ಮಲಗಬೇಕು, ಎರಡೂ ಕಿವಿಗೆ ಬೆರಳು ತುರುಕಬೇಕು, ಹಲ್ಲಿನ ನಡುವೆ ಬಟ್ಟೆ ಕಚ್ಚಬೇಕು. ಎರಡನೇ ಸೀಟಿ ಊದುವ ತನಕ ತಲೆ ಎತ್ತಬಾರದು. ಇಷ್ಟು ಪುಸ್ತಿಕೆಯ ಪಾಠ. ಇದರ ಮೇಲೆ ಅಪ್ಪ ತನ್ನದೊಂದನ್ನು ಸೇರಿಸಿದ್ದ. "ಹುಕುಂ ಆದಮ್ಯಾಲ ಯಾಕ ಅಂತ ಕೇಳಬಾರದು. ಸಿಪಾಯಿ ಕೇಳ್ತಾನೇನು?" ನಾನು ಸಿಪಾಯಿಯಲ್ಲ ಎಂದು ಒಮ್ಮೆ ಹೇಳಿ ನೋಡಿದೆ. ಅವತ್ತು ಪಕ್ಕದ ಮನೆಯವರು ನೋಡುತ್ತಿರುವಂತೆಯೇ ಮೂರು ಸಲ ಅಂಗಳದಲ್ಲಿ ಬೋರಲು ಮಲಗಿಸಿದ.

ಊಟಕ್ಕೆ ಕೂತಾಗಲೇ ಅವನಿಗೆ ವಿಮಾನ ನೆನಪಾಗುತ್ತಿತ್ತು. ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಎಣ್ಣೆ ಬಿದ್ದಿರುತ್ತಿತ್ತು. ಇನ್ನೇನು ತುತ್ತು ಮುರಿಯಬೇಕು, ಸೀಟಿ. ನಾವು ತಾಟು ಬಿಟ್ಟು ನೆಲಕ್ಕೆ ಬೀಳುವುದು, ರೊಟ್ಟಿ ಆರುವುದು. ಅವ್ವನಿಗೆ ತಲೆ ಕೆಟ್ಟು ಹೋಗಿತ್ತು.

"ಏನ್ರೀ, ಟಿಕೋಟಾಕ್ಕ ಬಾಂಬ್ ಹಾಕಿ ಅವ್ರಿಗೇನ್ ಸಿಗತೈತಿ? ಬಸ್ಸಿನಾವ್ರಿಗೇ ನಮ್ಮೂರಾಗ ಎಲ್ಲಿ ನಿಂದ್ರಸಬೇಕಂತ ತಿಳಿಯಂಗಿಲ್ಲ, ವಿಮಾನದಾವ್ರಿಗೆ ತಿಳಿತೈತೇನು?"

"ಅವ್ರು ಹಾಕೂದು ಗೋಳಗುಮ್ಮಟಕ್ಕ. ಗುರಿ ತಪ್ಪಿದ್ರ?"

"ಅಷ್ಟ್ ದೊಡ್ಡ ಗುಮ್ಮಟ ಕಾಣದಾವಂಗ ನಮ್ಮ ತಗಡಿನ ಮನಿ ಕಾಣತೈತೇನ್ರಿ?"

ಅಪ್ಪ ಪುಸ್ತಿಕೆ ತೆರೆದು ನೋಡಿದ. ಮರುದಿನ ಹಿತ್ತಲಲ್ಲಿ ತಗ್ಗು ತೋಡಲು ಶುರು ಮಾಡಿದ. ಪುಸ್ತಿಕೆಯಲ್ಲಿ ಚಿತ್ರವಿತ್ತು, ಆಳು ನಿಂತರೆ ಮರೆಯಾಗುವಷ್ಟು ಆಳ. ಎರಡು ಗೇಣು ಅಗಿಯುವಷ್ಟರಲ್ಲಿ ಕಲ್ಲು ಹತ್ತಿತು. ಗುದ್ದಲಿಯ ಬಾಯಿ ಮುರಿಯಿತು. ಮೇಲೆ ಮಳೆ ಬಂದು ಆ ತಗ್ಗಿನಲ್ಲಿ ನೀರು ನಿಂತು, ನೆರೆಮನೆಯ ಎಮ್ಮೆ ಬಂದು ಮಲಗತೊಡಗಿತು. ಅಪ್ಪ ಅಷ್ಟಕ್ಕೆ ಸುಮ್ಮನಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಎರಡು ದಿನ ಮುಖ ಗಂಟು ಹಾಕಿಕೊಂಡು ತಿರುಗಿ, ಮೂರನೇ ದಿನ, "ನಮ್ಮವ್ವನ ಮನಿ ಮುಂದ ಹಗೇವು ಐತೆಲ್ಲ!" ಎಂದು ತೊಡೆ ತಟ್ಟಿಕೊಂಡ.

ಅಪ್ಪನ ತಾಯಿ, ನಮ್ಮ ಆಯಿ, ಬಬಲೇಶ್ವರದಲ್ಲಿ ಒಬ್ಬಳೇ ಮನೆ, ಹೊಲ ನೋಡಿಕೊಂಡಿದ್ದಳು. ಅವಳ ಅಂಗಳದ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಬಾಯಿ ಒಬ್ಬರು ಇಳಿಯುವಷ್ಟೇ, ಒಳಗೆ ಹೊಟ್ಟೆ ಮಾತ್ರ ದೊಡ್ಡದು, ಎರಡಾಳು ಆಳ. ತುಂಬಿದ ಮೇಲೆ ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಡುತ್ತದೆ, ಅದು ಆ ಕಡೆಯ ಕೂಸಿಗೂ ಗೊತ್ತು. ಕಲ್ಲು ಸರಿಸಿ ಒಂದು ದಿನ ಬಿಡಬೇಕು. ಆಮೇಲೆ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡಬೇಕು. ಕಂದೀಲು ಆರಿದರೆ ಯಾರೂ ಇಳಿಯುವಂತಿಲ್ಲ. ಹಿಂದಿನ ವರ್ಷ ಜೋಳ ತೆಗೆಯುವಾಗ ಆಯಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ತೋರಿಸಿಕೊಟ್ಟಿದ್ದಳು. ಅಪ್ಪನಿಗೂ ಸಣ್ಣವನಿದ್ದಾಗ ಹಾಗೆಯೇ ತೋರಿಸಿರಬೇಕು. ಅವನು ಹುಟ್ಟಿ ಬೆಳೆದದ್ದೇ ಆ ಅಂಗಳದಲ್ಲಿ.

ಆ ರವಿವಾರ ನಾವು ನಾಲ್ವರೂ ಬಬಲೇಶ್ವರಕ್ಕೆ ಹೋದೆವು. ಆಯಿ ಹೊಲಕ್ಕೆ ಹೋಗಿದ್ದಳು. ಪಂಚಮಿಗೆ ಮೊದಲೇ ಜೋಳ ತೆಗೆದು, ಕರು ಬೀಳಬಾರದೆಂದು ಖಾಲಿ ಹಗೇವಿನ ಬಾಯಿಗೆ ಕಲ್ಲು ಮುಚ್ಚಿಟ್ಟಿದ್ದಳು. ಅಪ್ಪ ಹಾರೆ ಹಾಕಿ ಕಲ್ಲು ಸರಿಸಿದ. ಒಳಗಿನಿಂದ ಮುಗ್ಗಲು ವಾಸನೆ ಗಪ್ಪೆಂದು ಬಂತು.

"ನೋಡ್ರಿ, ಸರಕಾರ ರೊಕ್ಕಾ ಹಾಕಿ ಕಟ್ಟಿದ್ರೂ ಇಂಥಾದ್ದು ಆಗಂಗಿಲ್ಲ," ಎಂದ ಅಪ್ಪ. "ಸಣ್ಣಾಕಿ ಮೊದಲ ಇಳೀಲಿ."

ನನಗೆ ಕಂದೀಲು ನೆನಪಿತ್ತು. ಇದನ್ನು ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಪೂರಾ ನೆನಪಿತ್ತು, ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹುಕುಂ ಆಗಿಬಿಟ್ಟಿತ್ತು. ಮತ್ತೆ ಅಂಗಳದಲ್ಲಿ ಮೂರು ಸಲ ಬೋರಲು ಮಲಗುವುದು ನನಗೆ ಬೇಡವಾಗಿತ್ತು. ದೊಡ್ಡವನು, ಮಾಸ್ತರ, ಅವನಿಗೆ ಗೊತ್ತಿರುವುದಿಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹಗೇವೇ ಇಲ್ಲದ ಊರಿನಿಂದ ಬಂದಿದ್ದ ಅವ್ವ ಗೊಣಗುತ್ತಲೇ ಬಾವಿಯ ಹಗ್ಗ ತಂದು ತಂಗಿಯ ಸೊಂಟಕ್ಕೆ ಎರಡು ಗಂಟು ಹಾಕಿ ಬಿಗಿದಳು. ಅಪ್ಪ ಮೆಲ್ಲಗೆ ಇಳಿಬಿಟ್ಟ. ತಳ ಮುಟ್ಟಿದ ಕೂಡಲೇ, "ಹಗ್ಗ ಬಿಚ್ಚು, ನಿಮ್ಮಕ್ಕ ಬರಬೇಕು," ಎಂದ. ತಂಗಿ ಗಂಟಿನ ಜೊತೆ ಗುದ್ದಾಡಿದಳು. ಅವ್ವ ಹಾಕಿದ ಗಂಟು ಆರು ವರ್ಷದ ಕೈಗೆಲ್ಲಿ ಬಿಚ್ಚುತ್ತದೆ! ಅಪ್ಪನಿಗೆ ತಡೆಯಲಾಗಲಿಲ್ಲ, ಅಷ್ಟರಲ್ಲೇ ಸೀಟಿ ಊದಿದ. ತಂಗಿ ಗಂಟು ಬಿಟ್ಟು, ಬೋರಲು ಬಿದ್ದು, ಬಟ್ಟೆ ಕಚ್ಚಿ, ಕಿವಿಗೆ ಬೆರಳು ಇಟ್ಟುಕೊಂಡಳು. ಮಧ್ಯಾಹ್ನದ ಬಿಸಿಲು ನೆಟ್ಟಗೆ ಬಾಯೊಳಗೆ ಬೀಳುತ್ತಿತ್ತು, ಮೇಲಿನಿಂದ ಎಲ್ಲ ಕಾಣುತ್ತಿತ್ತು.

"ನೋಡು, ನೋಡು," ಎಂದು ಅಪ್ಪ ನನ್ನ ಕಡೆ ತಿರುಗಿದ. "ಹೆಂಗ ಮಲಗ್ಯಾಳ! ಒಂಚೂರರೆ ಅಲಗ್ಯಾಡಾಕತ್ತಾಳೇನು? ನೀ ಹತ್ತ ವರ್ಷದಾಕಿ, ಒಂದ್ ದಿನರೆ ಹಿಂಗ ಮಲಗೀದೇನು?"

ನಾನು ನೋಡುತ್ತಿದ್ದೆ. ತಂಗಿಯ ಬಲಗೈ ಕಿವಿಯಿಂದ ಜಾರಿ ನೆಲಕ್ಕೆ ಬಿತ್ತು. ಎಡಗೈಯೂ ಬಿತ್ತು.

"ಯಪ್ಪಾ, ಆಕಿ ಕಿವ್ಯಾಗಿನ ಬೆರಳ ಜಾರಿ ಬಿದ್ದಾವ."

"ಸುಮ್ನಿರ್ಲೇ. ಎರಡನೇ ಸೀಟಿ ಇನ್ನ ಆಗಿಲ್ಲ."

ಅವ್ವ ಬಗ್ಗಿ ನೋಡಿದಳು. ತಂಗಿಯ ಹೆಸರು ಹಿಡಿದು ಕೂಗಿದಳು. ಇನ್ನೊಮ್ಮೆ ಕೂಗಿದಳು. ಆಮೇಲೆ ಅಪ್ಪನ ಕೈಯಿಂದ ಹಗ್ಗ ಕಿತ್ತುಕೊಂಡು ಎಳೆಯತೊಡಗಿದಳು. "ಏ, ಏ, ಇನ್ನ ಸೀಟಿ..." ಎಂದ ಅಪ್ಪ. ಕೈಕಾಲು ಜೋತುಬಿದ್ದ ಮಗು ಮೇಲೆ ಬರುವುದು ಕಂಡಾಗ ಮಾತ್ರ ಅವನ ಕೈಯಿಂದ ಸೀಟಿ ಜಾರಿತು. ತಾನೂ ಹಗ್ಗಕ್ಕೆ ಕೈ ಹಾಕಿದ.

ತಂಗಿಯ ತುಟಿ ನೇರಳೆ ಹಣ್ಣು ತಿಂದವರ ತುಟಿಯ ಹಾಗಾಗಿತ್ತು. ಅವ್ವನ ಚೀರಾಟಕ್ಕೆ ಓಣಿಯೆಲ್ಲ ಸೇರಿತು. ಹೊಲದಿಂದ ಬರುತ್ತಿದ್ದ ಆಯಿ ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ದಾರಿಯಲ್ಲೇ ಎಸೆದು ಓಡಿ ಬಂದಳು. ತೆರೆದ ಹಗೇವು ನೋಡಿದಳು. ಜನರನ್ನು ದೂರ ಸರಿಸಿ, ತಂಗಿಯ ಬಾಯಿಯ ಬಟ್ಟೆ ಕಿತ್ತು, ಮೊರ ತಂದು ಬೀಸಿದಳು. ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಬೀಸಿದಳು. ಆ ಹೊತ್ತು ಎಷ್ಟಿತ್ತೋ ನನಗೆ ಗೊತ್ತಿಲ್ಲ. ನನ್ನ ತಂಗಿ ನನ್ನಿಂದಲೇ ಸತ್ತಳು ಎಂದುಕೊಂಡು ನಾನು ಗೋಡೆಗೆ ಒತ್ತಿ ನಿಂತಿದ್ದೆ. ಕಡೆಗೆ ಅವಳು ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಕಣ್ಣು ಬಿಟ್ಟಳು.

"ಯಪ್ಪಾ, ನಾ ತಲಿ ಎತ್ತಿಲ್ಲ," ಎಂದಳು.

ಅಪ್ಪ ಅಲ್ಲೇ ಕುಸಿದು ಕೂತು ಅತ್ತ. ಆಯಿ ಮೊರ ಕೆಳಗಿಟ್ಟು ಅವನ ಬೆನ್ನಿಗೆ ಒಂದು ಬಿಟ್ಟಳು. "ಏನಲೇ, ನೀ ಇದರಷ್ಟಿದ್ದಾಗ ಹೇಳಿಕೊಟ್ಟಿದ್ನೋ ಇಲ್ಲೋ? ಕಂದೀಲ ಬಿಟ್ಟು ನೋಡಬೇಕಂತ ತಿಳೀಲಿಲ್ಲೇನು ನಿನಗ?"

"ತಿಳಿದಿತ್ತವ್ವಾ," ಎಂದ ಅಪ್ಪ ಮೂಗು ಒರೆಸಿಕೊಳ್ಳುತ್ತ. "ಆದ್ರ ಪುಸ್ತಕದಾಗ ಬರದಿರಲಿಲ್ಲ."

ಇಷ್ಟು ವರ್ಷವಾದರೂ ಈ ಮಾತು ನೆನಪಾದರೆ ನನಗೆ ಮೈ ಉರಿಯುತ್ತದೆ. ಅಪ್ಪ ಕೆಟ್ಟವನಲ್ಲ. ನಮ್ಮನ್ನು ಉಳಿಸಬೇಕೆಂದೇ ಇಷ್ಟೆಲ್ಲ ಮಾಡಿದ. ಅದಕ್ಕೇ ಇನ್ನೂ ಸಿಟ್ಟು. ಕೆಟ್ಟವನಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

ಅವ್ವ ತಂಗಿಯ ಜೊತೆ ಬಬಲೇಶ್ವರದಲ್ಲೇ ಉಳಿದಳು. ಸಂಜೆಯ ಹೊತ್ತಿಗೆ ಅಪ್ಪ, ನಾನು ಇಬ್ಬರೇ ಟಿಕೋಟಾಕ್ಕೆ ಬಂದೆವು. ದಾರಿಯಲ್ಲಿ ಅವನು ಕೊರಳಿನ ಸೀಟಿ ತೆಗೆದು ಕಿಸೆಯೊಳಗೆ ಹಾಕಿಕೊಂಡ. ಬುದ್ಧಿ ಬಂದಿತು ಎಂದುಕೊಂಡೆ.

ಮರುದಿನ ಪ್ರಾರ್ಥನೆ ಮುಗಿದು ವರ್ಗದಲ್ಲಿ ಕೂತೆವು. ಅಪ್ಪ ಕಪ್ಪು ಹಲಗೆಯ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡ. ಶಿಸ್ತು ಅಂದರೆ ಏನು ಗೊತ್ತೇ ಎಂದು ಕೇಳಿದ. ಆರು ವರ್ಷದ ಒಂದು ಹುಡುಗಿ ಕತ್ತಲೆಯ ತಗ್ಗಿನಲ್ಲಿ ಒಬ್ಬಳೇ ಮಲಗಿದ್ದಳು, ಎರಡನೇ ಸೀಟಿ ಆಗಲಿಲ್ಲವೆಂದು ಅವಳು ತಲೆಯನ್ನೇ ಎತ್ತಲಿಲ್ಲ ಎಂದ. ಅಷ್ಟೇ ಹೇಳಿದ. ಹಗೇವು ಎನ್ನಲಿಲ್ಲ, ವಾಂತಿ ಎನ್ನಲಿಲ್ಲ, ಅವ್ವ ಹಗ್ಗ ಕಿತ್ತುಕೊಂಡದ್ದು ಎನ್ನಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಹುಡುಗರು ಅದನ್ನು ದೇಶಪ್ರೇಮ ಎಂದುಕೊಂಡಿರಬೇಕು.

"ಆ ಹುಡುಗಿ ಯಾರ ತಂಗಿ ಗೊತ್ತೇನು?" ಎಂದು ನನ್ನ ಕಡೆ ಕೈ ತೋರಿಸಿದ.

ಮೂವತ್ತು ತಲೆಗಳು ನನ್ನ ಕಡೆ ತಿರುಗಿದವು. ಯಾರೋ ಚಪ್ಪಾಳೆ ಶುರು ಮಾಡಿದರು, ವರ್ಗಕ್ಕೆ ವರ್ಗವೇ ತಟ್ಟತೊಡಗಿತು. ಅಪ್ಪ ನನ್ನನ್ನೇ ನೋಡುತ್ತಿದ್ದ. ಎದ್ದು ನಿಂತು ಇದ್ದದ್ದು ಇದ್ದಂತೆ ಹೇಳಲು ನನಗಿಂತ ಗೊತ್ತಿದ್ದವರು ಅಲ್ಲಿ ಯಾರೂ ಇರಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ.