ಅಪ್ಪ ಸೀಟಿ ಊದಿದ ದಿನ

ನಾನು ಚಿಕ್ಕವಳಿದ್ದಾಗ, ಹಂಸಭಾವಿ ಹತ್ತಿರದ ನಮ್ಮ ಊರಿನಲ್ಲಿ ದೊಡ್ಡ ಹುಡುಗಿಯರು ಓಡಿದರೆ ಜನ ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ಅಂಥ ಊರಿನಲ್ಲಿ ಅಪ್ಪ ನಮ್ಮನ್ನು ಓಡಿಸಿದ. ಅವನು ಹೈಸ್ಕೂಲಿನ ಡ್ರಿಲ್ ಮಾಸ್ತರ. ತರಬೇತಿಗೆ ಹೋದಲ್ಲಿ ನೆಟ್‌ಬಾಲ್ ಎಂಬ ಆಟ ಕಲಿತು ಬಂದಿದ್ದ. ಎತ್ತರದ ಕಂಬಕ್ಕೊಂದು ಕಬ್ಬಿಣದ ಬಳೆ. ಚೆಂಡು ಅದರೊಳಗೆ ಇಳಿದರೆ ಗೋಲು. ಆದರೆ ಚೆಂಡು ಕೈಗೆ ಬಂದ ಮೇಲೆ ಓಡುವಂತಿಲ್ಲ. ನೆಲಕ್ಕೆ ಊರಿದ ಕಾಲು ಜರುಗಿದರೆ ತಪ್ಪು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನ ಡ್ರಿಲ್ ಮಾಸ್ತರರು ಸೇರಿ ಹುಡುಗಿಯರಿಗಾಗಿ ಒಂದು ಲೀಗ್ ಕಟ್ಟಿದರು. ಸುಗ್ಗಿ ಮುಗಿದ ಮೇಲೆ ರವಿವಾರಕ್ಕೊಂದು ಪಂದ್ಯ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅದಕ್ಕಿಂತ ದೊಡ್ಡ ಆಟವೇ ಇರಲಿಲ್ಲ. ಬಂಕಾಪುರದಲ್ಲಿ ನವಿಲು ಕಂಡದ್ದು, ಸವಣೂರಿನ ಖಾರ ತಿಂದು ಬಾಯಿ ಉರಿದು ಬಸ್ಸಿನ ಕಿಟಕಿಯಾಚೆ ನಾಲಿಗೆ ಚಾಚಿದ್ದು, ಎಲ್ಲ ಆ ಆಟದಿಂದಲೇ. ಇಲ್ಲದಿದ್ದರೆ ನಮ್ಮನ್ನು ಅಷ್ಟು ದೂರ ಯಾರು ಕಳಿಸುತ್ತಿದ್ದರು?

ಆ ವರ್ಷ ಕೊನೆಯ ಪಂದ್ಯ ನಮ್ಮ ಊರಲ್ಲೇ ಬಂತು, ಸವಣೂರಿನವರ ಮೇಲೆ. ಗೌಡರು ತಮ್ಮ ಕಣ ಬಿಟ್ಟುಕೊಟ್ಟಿದ್ದರು. ಸೆಗಣಿ ಸಾರಿಸಿದ ನೆಲದ ಮೇಲೆ ಸುಣ್ಣದ ಗೆರೆ ಬೆಳ್ಳಗೆ ಹೊಳೆಯುತ್ತಿತ್ತು. ಗಾಳಿ ಬೀಸಿದಾಗ ಜೋಳದ ಹೊಟ್ಟು ಕಣ್ಣಿಗೆ ಬೀಳುತ್ತಿತ್ತು. ನಮ್ಮ ತಂಡದಲ್ಲಿ ಗೋಲು ಹಾಕುವವಳು ಅಕ್ಕ, ಅವಳಿಗೆ ಚೆಂಡು ಒದಗಿಸುವವಳು ನಾನು.

ಆಟ ನಡೆಸಲು ಬರಬೇಕಿದ್ದ ಶಿಗ್ಗಾಂವಿಯ ಮಾಸ್ತರರು ಜ್ವರ ಬಂದು ಮಲಗಿದ್ದರು. ಮುಂದಿನ ವಾರ ಆಡೋಣ ಎಂದ ಅಪ್ಪ. ಸವಣೂರಿನ ಟೀಚರ್ ಒಪ್ಪಲಿಲ್ಲ.

"ಬ್ಯಾಡ್ರಿ ಸರ್. ಹುಡುಗ್ಯಾರನ್ನ ಇನ್ನೊಮ್ಮೆ ಯಾರು ಕಳಿಸ್ತಾರ್ರಿ? ನೀವ ಸೀಟಿ ಹಿಡೀರಿ. ನಿಮ್ಮ ಮ್ಯಾಲೆ ನಮಗ ನಂಬಿಕಿ ಐತಿ."

ಅಪ್ಪ ಸೀಟಿ ತೆಗೆದುಕೊಂಡ.

ಕೊನೆಯವರೆಗೂ ಎರಡೂ ಕಡೆ ಗೋಲು ಸಮ ಸಮ. ಇನ್ನೇನು ಆಟ ಮುಗಿಯಬೇಕು, ಚೆಂಡು ನನ್ನ ಕೈಗೆ ಸಿಕ್ಕಿತು. ಅಕ್ಕನ ಕಡೆ ಎಸೆದೆ. ಅವಳು ಹಾರಿ ಹಿಡಿದದ್ದನ್ನು ನೋಡಿದೆ. ಆಮೇಲೆ ನನ್ನ ಕಣ್ಣೆಲ್ಲ ಕಂಬದ ಬಳೆಯ ಮೇಲೆ. ಚೆಂಡು ಬಳೆಯ ಅಂಚಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಬಿತ್ತು. ಜನ ಕೂಗುತ್ತ ತಲೆಯ ಪಟಕಾ ಬಿಚ್ಚಿ ಹಾರಿಸಿದರು. ಚೆಂಡು ಅಕ್ಕನ ಕೈ ಬಿಡುವ ಮುಂಚೆಯೇ ಅಪ್ಪ ಸೀಟಿ ಊದಿದ್ದ ಎಂಬುದು ಆಮೇಲೆ ತಿಳಿಯಿತು.

"ಕಾಲು ಜರುಗೇತಿ. ಗೋಲಿಲ್ಲ," ಅಂದ ಅಪ್ಪ.

"ಜರುಗಿಲ್ಲಪ್ಪಾ!" ಅಕ್ಕ ಚೀರಿದಳು. "ಊರಿದ ಕಾಲು ಊರಿದಂಗ ಐತಿ!"

ಅಷ್ಟರಲ್ಲಿ ಜನ ಒಳಗೆ ನುಗ್ಗಿದರು. ನೆಲದ ಮೇಲೆ ಯಾವ ಗುರುತೂ ಉಳಿಯಲಿಲ್ಲ. ಗೌಡರು ಅಪ್ಪನ ಹತ್ತಿರ ಬಂದರು.

"ಯಾಕ ಹಟ ಹಿಡೀತೀರಿ ಮಾಸ್ತರ್ರ? ಗೋಲು ಅನ್ರಿ, ಮುಗೀತು. ನಿಮ್ಮ ಮಗಳ ಅದಾಳ."

"ಮಗಳು ಅದಾಳಂತ ಕಣ್ಣು ಮುಚ್ಕೊಳ್ಳಲೇನ್ರಿ? ಕಂಡದ್ದು ಹೇಳೇನಿ."

ಅಪ್ಪ ಅಕ್ಕನ ಮುಖ ನೋಡದೆ ಚೆಂಡನ್ನು ಸವಣೂರಿನ ಒಬ್ಬ ಹುಡುಗಿಗೆ ಕೊಟ್ಟ. ಆಗ ಜನರ ಹಿಂದಿನಿಂದ ಒಂದು ಕಲ್ಲು ಬಂತು. ಆ ಹುಡುಗಿ ಹುಬ್ಬು ಹಿಡಿದುಕೊಂಡು ಕುಸಿದು ಕೂತಳು. ಬೆರಳ ಸಂದಿಯಿಂದ ರಕ್ತ ಇಳಿಯಿತು. ಆಟ ಅಲ್ಲಿಗೇ ನಿಂತಿತು.

ಅವಳನ್ನು ಎತ್ತಿಕೊಂಡು ಮೊದಲು ಓಡಿದವಳು ಅಕ್ಕ. ನಮ್ಮ ಮನೆಯ ಪಡಸಾಲೆಯಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಅವ್ವ ಗಾಯಕ್ಕೆ ಅರಿಶಿನ ಒತ್ತಿದಳು.

"ನಿನ್ನ ಕಾಲು ಖರೇನ ಜರುಗಿತ್ತೇನಕ್ಕಾ?" ಆ ಹುಡುಗಿ ಮೆಲ್ಲಗೆ ಕೇಳಿದಳು.

"ಇಲ್ಲವ್ವಾ."

"ಹಂಗಾರ ಆ ಗೋಲು ನಿಮ್ದ."

ಅಲ್ಲಿಯವರೆಗೆ ಅಳು ಬಿಗಿಹಿಡಿದಿದ್ದ ಅಕ್ಕ ಆಗ ಗಳಗಳ ಅತ್ತಳು. ಹೊಸ್ತಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಬರಲೇ ಇಲ್ಲ. ಹೊರಳಿ, ಸವಣೂರಿನವರಿಗೆ ಬಸ್ಸು ಗೊತ್ತು ಮಾಡಲು ಹೋದ.

ಹುಡುಗಿಯ ಗಾಯ ಮಾಯಿತು. ಲೀಗ್ ಮಾತ್ರ ಉಳಿಯಲಿಲ್ಲ. ಮೊದಲೇ ಅರೆಮನಸ್ಸಿನಿಂದ ಕಳಿಸುತ್ತಿದ್ದ ಮನೆಯವರಿಗೆ ಒಂದು ನೆಪ ಬೇಕಿತ್ತು. ಮರುವರ್ಷ ಅಪ್ಪ ಸೈಕಲ್ ಹತ್ತಿ ಊರೂರು ತಿರುಗಿದ. "ಹೆಣ್ಣುಮಕ್ಕಳ ಆಟದಾಗ ಕಲ್ಲು ಬಿದ್ದಾವ್ರಿ, ಸಾಕು ಬಿಡ್ರಿ," ಎಂದು ಎಲ್ಲ ಕಡೆ ಚಹಾ ಕೊಟ್ಟು ಕಳಿಸಿದರು. ಗೌಡರೂ ಕಣ ಕೊಡಲಿಲ್ಲ. ಅಕ್ಕ ಬಹಳ ದಿನ ಅಪ್ಪನೊಡನೆ ಊಟಕ್ಕೆ ಕರೆಯುವಷ್ಟೇ ಮಾತಾಡಿದಳು. ಕ್ರಮೇಣ ಇಬ್ಬರೂ ಮೊದಲಿನಂತಾದರು. ಆದರೆ ಆ ಮಾತು ಎದ್ದಾಗಲೆಲ್ಲ ಜರುಗೇತಿ ಎಂದು ಅಪ್ಪ, ಜರುಗಿಲ್ಲ ಎಂದು ಅಕ್ಕ. ಅಪ್ಪ ತೀರಿಕೊಳ್ಳುವವರೆಗೂ ಇಬ್ಬರೂ ಬಿಟ್ಟುಕೊಡಲಿಲ್ಲ. ಸುಳ್ಳು ಹೇಳುವ ಸ್ವಭಾವ ಇಬ್ಬರದೂ ಅಲ್ಲ.

ಮಕ್ಕಳೇ, ಮೊನ್ನೆ ನಿಮ್ಮ ಶಾಲೆಯ ಪಂದ್ಯದಲ್ಲಿ ಇಂಥದೇ ಜಗಳ ಬಂದಾಗ ಎಲ್ಲರೂ ಯಾರೋ ವಿಡಿಯೋ ತೆಗೆದಿದ್ದ ಒಂದು ಮೊಬೈಲಿನ ಮೇಲೆ ಬಗ್ಗಿದಿರಿ. ನೋಡಿದಿರಿ, ಒಪ್ಪಿದಿರಿ, ಮತ್ತೆ ಆಡಿದಿರಿ. ನನಗೆ ಹೊಟ್ಟೆಕಿಚ್ಚು ಆದದ್ದು ಆ ಮೊಬೈಲಿನ ಮೇಲಲ್ಲ. ಸೋತು ಮನೆಗೆ ಬಂದ ನೀವು ಬೂಟು ಬಿಚ್ಚುತ್ತ, "ಇರ್ಲಿ ಬಿಡಜ್ಜಿ, ಮುಂದಿನ ಸಲ ನೋಡ್ಕೋತೇವಿ," ಅಂದಿರಿ. ಎಷ್ಟು ಸಲೀಸಾಗಿ ಅಂದಿರಿ! ನಮಗೆ ಆ ಮುಂದಿನ ಸಲ ಬರಲೇ ಇಲ್ಲ.