ಸಾಹೇಬರು ಗೆಲ್ಲುವ ದಿನ

ಜರ್ಮನಿಯವರ ಫುಟ್‌ಬಾಲ್ ಮೇಲೆ ನನಗಿದ್ದಷ್ಟು ಸಿಟ್ಟು ಇಂಗ್ಲೆಂಡಿನವರಿಗೂ ಇರಲಿಕ್ಕಿಲ್ಲ. ಎರಡು ಸಾವಿರದ ಎರಡನೇ ಇಸವಿಯಲ್ಲಿ ನಾನು ದುಬೈಯ ಅಲ್ ಮುರಕ್ಕಬಾತ್‌ನಲ್ಲಿ, ಒಂದು ಜರ್ಮನ್ ಯಂತ್ರ ಕಂಪನಿಯ ಶಾಖೆಯಲ್ಲಿ ಸೆಕ್ರೆಟರಿಯಾಗಿದ್ದೆ. ಆರು ಜನರ ಆಫೀಸು. ಮೇಲಿನವರು ಜರ್ಮನಿಯವರೇ, ಐವತ್ತು ದಾಟಿದವರು, ಎತ್ತರದ ಆಳು, ಮಾತು ಕಡಿಮೆ. ಎದುರಿಗೆ ಸರ್ ಎಂದರೂ ನಮ್ಮ ನಮ್ಮಲ್ಲಿ ಅವರು ಸಾಹೇಬರು. ಯಂತ್ರ ಮಾರಾಟವಾದ ದಿನವೂ ಅದೇ ಮುಖ, ಬಂದರಿನಲ್ಲಿ ಕಂಟೇನರ್ ಸಿಕ್ಕಿಹಾಕಿಕೊಂಡ ದಿನವೂ ಅದೇ ಮುಖ.

ಆ ಮುಖವನ್ನು ಓದಬಲ್ಲೆ ಎನ್ನುತ್ತಿದ್ದವರು ಕಾಕ ಒಬ್ಬರೇ. ಕಾಕ ಮಂಗಳೂರು ಕಡೆಯ ಬ್ಯಾರಿಗಳು, ನಮ್ಮ ಆಫೀಸಿನಲ್ಲಿ ಚಹಾ ಕಾಫಿ ನೋಡಿಕೊಳ್ಳುತ್ತಿದ್ದರು. ದುಬೈಗೆ ಬಂದು ಇಪ್ಪತ್ತು ವರ್ಷ. ಬೇರೆ ಬೇರೆ ಆಫೀಸುಗಳಲ್ಲಿ ತರಾವರಿ ಸಾಹೇಬರನ್ನು ಕಂಡವರು.

"ರಜೆ ಕೇಳುದು ದೊಡ್ಡ ವಿಷಯ ಅಲ್ಲ ಮೇಡಂ," ಎನ್ನುತ್ತಿದ್ದರು. "ಯಾವಾಗ ಕೇಳುದು ಅಂತ ಗೊತ್ತಿರ್ಬೇಕು. ಮೂಡ್ ನೋಡದೆ ಕೇಳಿದ್ರೆ ಖಲಾಸ್. ಒಮ್ಮೆ ಇಲ್ಲ ಅಂತ ಹೇಳಿದ್ರೆ ಮತ್ತೆ ಹೌದು ಅಂತ ಹೇಳ್ಳಿಕ್ಕೆ ಅವರಿಗೂ ಕಷ್ಟ ಆಗ್ತದೆ."

ನನಗೇನೂ ಇದು ಹೊಸ ಪಾಠವಲ್ಲ. ಮೈಸೂರಿನಲ್ಲಿ ಅಪ್ಪನ ಹತ್ತಿರ ಕಾಲೇಜಿನ ಟೂರಿಗೆ ಅಪ್ಪಣೆ ಕೇಳಬೇಕಾದರೆ, ಅವರ ಊಟ ಮುಗಿದು, ಎಲೆ ಅಡಿಕೆ ಹಾಕಿಕೊಂಡು, ಪೇಪರು ಬಿಡಿಸುವವರೆಗೂ ಅಮ್ಮ ಅಡುಗೆಮನೆ ಬಾಗಿಲಿನಿಂದಲೇ ಕಣ್ಣುಬಿಟ್ಟು ನನ್ನನ್ನು ತಡೆಯುತ್ತಿದ್ದರು. ಅಪ್ಪನ ಜಾಗದಲ್ಲಿ ಈಗ ಸಾಹೇಬರು, ಅಮ್ಮನ ಜಾಗದಲ್ಲಿ ಕಾಕ, ಅಷ್ಟೇ.

ಆ ವರ್ಷ ನನ್ನ ಒಬ್ಬಳೇ ತಂಗಿಗೆ ಮದುವೆ ಗೊತ್ತಾಯಿತು. ಮೇ ಎರಡನೇ ವಾರದಲ್ಲಿ ನಿಶ್ಚಿತಾರ್ಥ. ಆಷಾಢ ಹಿಡಿಯುವ ಮುಂಚೆ, ಜುಲೈ ಮೊದಲ ವಾರದಲ್ಲಿ ಮದುವೆ. ಎರಡಕ್ಕೂ ನಾನು ಇರಲೇಬೇಕು ಎಂದು ಅವಳು ಹಠ ಹಿಡಿದಿದ್ದಳು. ನನಗೂ ಅಷ್ಟೇ ಆಸೆ. ಅವಳಿಗೆ ಎರಡು ಜಡೆ ಹಾಕಿ ಸ್ಕೂಲಿಗೆ ಕೈಹಿಡಿದು ಕರೆದುಕೊಂಡು ಹೋದವಳು ನಾನು. ಮಾರ್ಚ್‌ನಲ್ಲೇ ರಜೆಯ ಫಾರಂ ಎರಡು ಟೈಪ್ ಮಾಡಿ, ಒಂದಕ್ಕೊಂದು ಪಿನ್ ಹಾಕಿ ಡ್ರಾಯರ್‌ನಲ್ಲಿಟ್ಟೆ. ಇನ್ನು ಸಾಹೇಬರ ಮೂಡ್ ಒಂದು ಬರಬೇಕಿತ್ತು.

ಕಾಕ ಕಂಡುಹಿಡಿದಿದ್ದೇನೆಂದರೆ, ಸಾಹೇಬರ ಮೂಡ್ ಇರುವುದು ಫುಟ್‌ಬಾಲಿನಲ್ಲಿ. ರೈನ್ ನದಿಯ ದಡದಲ್ಲಿರುವ, ಔಷಧ ಕಾರ್ಖಾನೆಯ ಊರೊಂದರ ತಂಡ ಅವರದು. ಅದರ ಕೆಂಪು ಕಪ್ಪು ಮಫ್ಲರ್ ಕ್ಯಾಬಿನ್ನಿನ ಗೋಡೆಯ ಮೇಲಿತ್ತು; ದುಬೈಯ ಸೆಕೆಯಲ್ಲಿ ಅದಕ್ಕೆ ಬೇರೆ ಕೆಲಸವಾದರೂ ಏನು? ಆ ತಂಡ ಜರ್ಮನಿಯ ಲೀಗನ್ನು ಒಮ್ಮೆಯೂ ಗೆದ್ದದ್ದಿಲ್ಲವಂತೆ. ದುಬೈಯಲ್ಲಿ ವಾರದ ರಜೆ ಶುಕ್ರವಾರ. ಶನಿವಾರ ಅದು ಗೆದ್ದರೆ ಭಾನುವಾರ ಬೆಳಿಗ್ಗೆ ಆಫೀಸಿನಲ್ಲಿ ಸಾಹೇಬರು ಎರಡು ಕಪ್ ಕಾಫಿ ಕುಡಿಯುತ್ತಾರೆ, ಸೋತರೆ ಅರ್ಧಕ್ಕೇ ಬಿಡುತ್ತಾರೆ ಎಂದು ಕಾಕನ ಶಾಸ್ತ್ರ.

ಹೀಗೆ ನಾನು ಜರ್ಮನ್ ಫುಟ್‌ಬಾಲ್ ನೋಡಲು ಶುರುಮಾಡಿದೆ. ಶನಿವಾರ ಸಂಜೆ ಆಫೀಸು ಬಿಟ್ಟು, ಆಬ್ರಾ ದೋಣಿ ಹತ್ತಿ ಕ್ರೀಕ್ ದಾಟಿ, ಬರ್ ದುಬೈಯ ಮನೆ ಸೇರುವ ಹೊತ್ತಿಗೆ ಆಟ ಅರ್ಧವಾಗಿರುತ್ತಿತ್ತು. ಬ್ಯಾಗು ಎಸೆದು ಟಿವಿ ಮುಂದೆ ಕೂತರೆ ನನ್ನ ಗಂಡ ರೇಗಿಸುತ್ತಿದ್ದರು.

"ದೀಪ ಹಚ್ಚೋ ಹೊತ್ತಲ್ಲಿ ಇದೇನೇ ಇದು? ರಜ ಬೇಕಾದ್ರೆ ಹೋಗಿ ಕೇಳು. ಅವರೇನು ನಿನ್ನ ನುಂಗ್ತಾರಾ?"

"ನಿಮಗೆ ಗೊತ್ತಾಗಲ್ಲ ಸುಮ್ನಿರಿ, ಕಾರ್ನರ್ ಸಿಕ್ಕಿದೆ," ಎನ್ನುತ್ತಿದ್ದೆ.

ಅದೃಷ್ಟಕ್ಕೆ ಆ ವರ್ಷ ಸಾಹೇಬರ ತಂಡ ಎಲ್ಲರಿಗಿಂತ ಮುಂದಿತ್ತು. ಏಪ್ರಿಲ್ ಮೊದಲಲ್ಲಿ ಯುರೋಪಿನ ಕಪ್ಪಿನಲ್ಲಿ ಇಂಗ್ಲೆಂಡಿನ ತಂಡವೊಂದನ್ನು ನಾಲ್ಕು ಗೋಲು ಹೊಡೆದು ಮನೆಗೆ ಕಳಿಸಿತು. ಮರುದಿನ ಸಾಹೇಬರು ಮೂರು ಕಪ್ ಕಾಫಿ ಕುಡಿದರು. ಕಾರಿಡಾರಿನಲ್ಲಿ ಶಿಳ್ಳೆ ಕೂಡ ಕೇಳಿಸಿತು. ನಾನು ಫಾರಂ ಹಿಡಿದು ಎದ್ದೆ. ಕಾಕ ಟ್ರೇ ಸಮೇತ ಅಡ್ಡ ನಿಂತರು.

"ಎಂತ ಅರ್ಜೆಂಟ್ ಮಾರಾಯ್ರೆ? ಈಗ ಕೇಳಿದ್ರೆ ಐದು ದಿನ ಕೊಟ್ಟಾರು. ಕಪ್ ಗೆಲ್ಲಲಿ ಅವರು, ಮತ್ತೆ ಕೇಳಿ. ಹದಿನೈದು ದಿನ ಕೊಡ್ತಾರೆ. ಇನ್ನು ಎಷ್ಟು ದಿನ ಉಂಟು!"

ನನಗೂ ಆಸೆಯಾಯಿತು. ಕೂತುಬಿಟ್ಟೆ. ಆ ಘಳಿಗೆ ನೆನೆದರೆ ಈಗಲೂ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ.

ಲೀಗಿನಲ್ಲಿ ಮೂರೇ ಆಟ ಬಾಕಿ, ಐದು ಅಂಕ ಮುಂದೆ. ಅಲ್ಲಿಂದ ಆ ತಂಡಕ್ಕೆ ಏನು ಬಡಿಯಿತೋ. ಬ್ರೆಮೆನ್‌ನವರ ಎದುರು ತಮ್ಮ ಮೈದಾನದಲ್ಲೇ ಸೋತರು. ಕಾಫಿ ಅರ್ಧ ಉಳಿಯಿತು. ಮುಂದಿನ ಶನಿವಾರ ನ್ಯೂರೆಂಬರ್ಗ್‌ನಲ್ಲಿ ಸೋತರು. ಕಾಫಿಯ ಮೇಲೆ ಕೆನೆ ಕಟ್ಟಿತು. ಕೊನೆಯ ಶನಿವಾರ ಇವರು ಗೆದ್ದರು, ಆದರೆ ಡಾರ್ಟ್‌ಮಂಡ್‌ನವರೂ ಗೆದ್ದು ಒಂದೇ ಒಂದು ಅಂಕದಲ್ಲಿ ಲೀಗನ್ನು ಎತ್ತಿಕೊಂಡು ಹೋದರು. ಅದಾಗಿ ವಾರಕ್ಕೆ ಬರ್ಲಿನ್‌ನಲ್ಲಿ ದೇಶದ ಕಪ್ಪಿನ ಫೈನಲ್. ನಾಲ್ಕು ಗೋಲು ತಿಂದು ಬಂದರು. ಮತ್ತೆ ನಾಲ್ಕು ದಿನಕ್ಕೆ ಯುರೋಪಿನ ಕಪ್ಪಿನ ಫೈನಲ್. ಅದನ್ನು ಮ್ಯಾಡ್ರಿಡ್‌ನವರಿಗೆ ಬಿಟ್ಟುಕೊಟ್ಟರು. ಮೂರಕ್ಕೆ ಮೂರೂ ಹೋಯಿತು. ಪ್ರತಿ ಸಲವೂ ಕಾಕ ಬಾಗಿಲಲ್ಲಿ ನಿಂತು, ಇವತ್ತು ಬೇಡ ಎಂದು ತಲೆಯಾಡಿಸುತ್ತಿದ್ದರು. ನಾನು ಫಾರಂ ಒಳಗಿಡುತ್ತಿದ್ದೆ.

ತಂಗಿಯ ನಿಶ್ಚಿತಾರ್ಥ ಆ ಎರಡು ಫೈನಲ್‌ಗಳ ನಡುವೆ ನಡೆದುಹೋಯಿತು.

ಆ ಬೆಳಿಗ್ಗೆ ಅವಳಿಗೆ ಫೋನ್ ಮಾಡಿದಾಗ ಹಿಂದುಗಡೆ ಹೆಂಗಸರು ಆರತಿ ಹಾಡು ಹೇಳುತ್ತಿದ್ದರು. "ರಜ ಸಿಗಲಿಲ್ಲ ಕಣೆ," ಎಂದೆ.

"ಎಂಥಾ ಕಲ್ಲು ಹೃದಯದೋರೇ ನಿಮ್ಮ ಸಾಹೇಬ್ರು! ಅವರಿಗೆ ಅಕ್ಕ ತಂಗಿ ಯಾರೂ ಇಲ್ವಾ?"

"ಹೂಂ," ಎಂದೆ. ಫೋನಿಟ್ಟ ಮೇಲೆ ಚೆನ್ನಾಗಿ ಅತ್ತೆ. ಕೊಡದ ರಜೆಗೆ ಸಾಹೇಬರನ್ನು ಮನಸಾರೆ ಬೈದೂ ಬೈದೆ.

ಉಳಿದಿದ್ದು ಮದುವೆ. ಅದಕ್ಕೆ ಸರಿಯಾಗಿ ಜೂನ್‌ನಲ್ಲಿ ವಿಶ್ವಕಪ್ ಬಂತು. ಕ್ಲಬ್ ಕೈಕೊಟ್ಟರೇನು, ದೇಶವಿದೆಯಲ್ಲ! ಜರ್ಮನಿಯ ಮೊದಲ ಆಟವೇ ಸೌದಿ ಅರೇಬಿಯಾದ ಮೇಲೆ. ಜಪಾನಿನಲ್ಲಿ ರಾತ್ರಿಯಾದರೆ ನಮಗೆ ಮಧ್ಯಾಹ್ನ ಮೂರೂವರೆ, ಆಫೀಸಿನ ಹೊತ್ತು. ಆ ದಿನ ಕ್ಯಾಬಿನ್ನಿನಲ್ಲಿ ಕೂತಿದ್ದವರು ಯಾರು? ಯಂತ್ರ ಕೊಳ್ಳುವ ಮಾತುಕತೆಗೆ ದಮ್ಮಾಮ್‌ನಿಂದ ಬಂದ ಸೌದಿ ಗಿರಾಕಿ, ನಮ್ಮ ಕಂಪನಿಯ ಅತಿ ದೊಡ್ಡ ಗಿರಾಕಿ. ಆಟದ ಮಾತೇ ಎತ್ತಬಾರದು ಎಂದು ಸಾಹೇಬರು ನಮಗೆಲ್ಲ ಬೆಳಿಗ್ಗೆಯೇ ತಾಕೀತು ಮಾಡಿದ್ದರು. ಕಾಕ ಕೆಳಗಿನ ಕೆಫೆಟೇರಿಯಾದ ಟಿವಿ ನೋಡಿ ಬಂದು, ಒಂದು ಗೋಲಿಗೆ ಒಂದು ಸಲದಂತೆ ಒಳಗೆ ಸುಲೈಮಾನಿ ಚಹಾ ಕೊಡುವುದು ಎಂದು ಸಾಹೇಬರಿಗೂ ಕಾಕನಿಗೂ ಗುಟ್ಟಿನ ಒಪ್ಪಂದವಾಗಿತ್ತು.

ಒಂದು ಚಹಾ ಹೋಯಿತು. ಎರಡು ಹೋಯಿತು. ನಾಲ್ಕನೆಯದು ಒಳಗೆ ಹೋಗುವಾಗ ಗಾಜಿನಾಚೆ ಸಾಹೇಬರ ಮುಖ ನೋಡಿದೆ, ಗೆಲ್ಲುತ್ತಿರುವವರ ಮುಖವಲ್ಲ ಅದು. ಆರನೆಯದಕ್ಕೆ ಅವರು ಸಾಕು ಎಂದು ಕಣ್ಣಲ್ಲೇ ಬೇಡಿಕೊಂಡರು. ಕಾಕ ಒಪ್ಪಂದಕ್ಕೆ ತಪ್ಪುವವರಲ್ಲ. ಎಂಟನೇ ಚಹಾ ಇಟ್ಟಾಗ ಗಿರಾಕಿ ಗ್ಲಾಸುಗಳನ್ನೊಮ್ಮೆ ಎಣಿಸಿ, ಸಾಹೇಬರನ್ನೊಮ್ಮೆ ನೋಡಿ, ಗೊಳ್ಳನೆ ನಕ್ಕುಬಿಟ್ಟರು.

"ಯಲ್ಲಾ, ಆ ಕಾಗದ ಕೊಡಿ, ಸಹಿ ಹಾಕುತ್ತೇನೆ. ಒಂಬತ್ತನೇ ಚಹಾ ಕುಡಿಯಲು ನನ್ನಿಂದಾಗುವುದಿಲ್ಲ," ಎಂದರು.

ಆಫೀಸೇ ನಕ್ಕಿತು. ಇದೇ ಸಮಯ ಎಂದು ನಾನು ಡ್ರಾಯರ್ ಎಳೆದೆ. ಅಷ್ಟರಲ್ಲಿ ಸಾಹೇಬರು ಗಿರಾಕಿಯ ಜೊತೆ ಏರ್‌ಪೋರ್ಟಿಗೆ ಹೊರಟರು. ಮರುದಿನದಿಂದ ಆ ಮಾರಾಟದ ಓಡಾಟ, ಅದು ಮುಗಿಯುತ್ತಲೇ ಜರ್ಮನಿಯ ಹೆಡ್ ಆಫೀಸಿಗೆ ಹೋದರು. ಬರುವುದು ತಿಂಗಳ ಕೊನೆಯ ಭಾನುವಾರವಂತೆ. ಫೋನಿನಲ್ಲಿ ಕೇಳಿಬಿಡು ಎಂದು ನನ್ನ ಗಂಡ ತಲೆ ಚಚ್ಚಿಕೊಂಡರು. ಮುಖ ನೋಡದೆ ಮೂಡ್ ಗೊತ್ತಾಗುವುದು ಹೇಗೆ? ಗಂಡನದೂ ನಮ್ಮ ಮಗಳದೂ ಊರಿನ ಟಿಕೆಟ್ ಓಕೆಯಾಗಿತ್ತು, ಮಂಗಳವಾರದ ವಿಮಾನ. ನನ್ನದು ಮಾತ್ರ ಹಾಗೇ ನಿಂತಿತ್ತು.

ಇತ್ತ ಜರ್ಮನಿ ಒಂದೊಂದೇ ಗೋಲು ಹೊಡೆದುಕೊಂಡು ಫೈನಲ್ ತಲುಪಿತು. ಫೈನಲ್ ಆ ಭಾನುವಾರವೇ, ಮಧ್ಯಾಹ್ನ ಮೂರಕ್ಕೆ. ಬೆಳಿಗ್ಗೆ ಬಂದಿಳಿದ ಸಾಹೇಬರು ಮೀಟಿಂಗ್ ರೂಮಿನಲ್ಲಿ ಟಿವಿ ಇಡಿಸಿ ನಮ್ಮೆಲ್ಲರನ್ನೂ ಕೂರಿಸಿಕೊಂಡರು. ಎದುರಾಳಿ ಬ್ರೆಜಿಲ್. ನಾನು ಮೊದಲರ್ಧ ಪೂರ್ತಿ ಚಾಮುಂಡಿಯನ್ನು ನೆನೆಯುತ್ತಾ ಕೂತಿದ್ದೆ. ಆ ಟೂರ್ನಿಯಲ್ಲಿ ಅದುವರೆಗೆ ಒಂದೇ ಗೋಲು ಬಿಟ್ಟಿದ್ದ ಜರ್ಮನ್ ಗೋಲ್‌ಕೀಪರನ ಕೈಯಿಂದ ದ್ವಿತೀಯಾರ್ಧದಲ್ಲಿ ಚೆಂಡು ಜಾರಿತು. ಅಷ್ಟೇ ಸಾಕಾಯಿತು. ಮತ್ತೊಂದೂ ಬಿತ್ತು. ಆಟ ಮುಗಿದ ಮೇಲೆ ಅವನು ಗೋಲ್ ಕಂಬಕ್ಕೊರಗಿ ಒಬ್ಬನೇ ಕೂತ. ನನಗೆ ಕಣ್ಣೀರು ಧಾರಾಕಾರ. ಅವನಿಗಾಗಿ ಅತ್ತೆನೋ ನನಗಾಗಿಯೋ ಹೇಳಲಾರೆ.

ಸಾಹೇಬರು ಟಿವಿ ಆರಿಸಿ, "ಸರಿ, ಕೆಲಸ," ಎಂದು ಕ್ಯಾಬಿನ್ನಿಗೆ ಹೋದರು. ಕಾಕ ಎರಡೂ ಕೈ ಅಲ್ಲಾಡಿಸಿ ಬೇಡ ಬೇಡ ಎಂದರು. ಇನ್ನು ಕಾಯಲು ನನಗೆ ದಿನವೇ ಉಳಿದಿರಲಿಲ್ಲ. ಮೂಗು ಒರೆಸಿಕೊಂಡು ಒಳಗೆ ನಡೆದೆ.

ಅವರು ಮೇಲಿನ ಫಾರಂ ಓದಿದರು. "ತಂಗಿಯ ಮದುವೆ. ಇದರ ಮೇಲೆ ಮಾರ್ಚ್ ತಾರೀಖಿದೆಯಲ್ಲ?"

"ನಿಮ್ಮ ತಂಡ ಗೆಲ್ಲಲಿ, ಆಮೇಲೆ ಕೇಳೋಣ ಅಂತ ಕಾಯ್ತಿದ್ದೆ ಸರ್."

ಅವರು ಗೋಡೆಯ ಮೇಲಿನ ಮಫ್ಲರ್ ಕಡೆ ತಿರುಗಿ ನೋಡಿದರು. "ನಾನು ಎಂಟು ವರ್ಷದವನಿದ್ದಾಗಿನಿಂದ ನನ್ನ ತಂಡ ಸೋಲುವುದನ್ನು ನೋಡುತ್ತಿದ್ದೇನೆ," ಎಂದರು. "ಅದಕ್ಕೂ ನಿಮ್ಮ ತಂಗಿಗೂ ಏನು ಸಂಬಂಧ?" ಎನ್ನುತ್ತಲೇ ಸಹಿ ಹಾಕಿದರು. ನಾಲ್ಕು ತಿಂಗಳು ನಾನು ಕಾದ ಕೆಲಸಕ್ಕೆ ಅರ್ಧ ನಿಮಿಷ ಹಿಡಿಯಲಿಲ್ಲ. ಆಮೇಲೆ ಅಡಿಯಲ್ಲಿ ಪಿನ್ ಹಾಕಿದ್ದ ಇನ್ನೊಂದು ಫಾರಂ ಕಂಡರು. ತೆಗೆಯಲು ನಾನೇ ಮರೆತಿದ್ದೆ. ಓದಿ ಪೆನ್ನು ಕೆಳಗಿಟ್ಟರು.

"ಇದಕ್ಕೂ ಕೊಡುತ್ತಿದ್ದೆ," ಎಂದರು.

ಹೊರಗೆ ಬಂದಾಗ ಕಾಕ ಸಹಿ ನೋಡಿ ಒಂದು ಚೂರೂ ನಾಚದೆ ಹೇಳಿದರು: "ನಾನು ಹೇಳ್ಲಿಲ್ವಾ ಮೇಡಂ? ಸೋತ ದಿನ ಮನುಷ್ಯ ಮೆತ್ತಗೆ ಇರ್ತಾನೆ. ಎಲ್ಲ ಮೂಡ್ ಮೇಲೆ ಉಂಟು." ನನಗೆ ನಗು ತಡೆಯಲಾಗಲಿಲ್ಲ.

ಮಂಗಳವಾರ ಮೂವರೂ ಹೊರಟೆವು. ಮದುವೆಯ ಹಿಂದಿನ ದಿನ ತಂಗಿಗೆ ಬಳೆ ತೊಡಿಸುತ್ತಿದ್ದೆ. ಖುಷಿಯಲ್ಲಿದ್ದಳು, ಬಾಯಿಗೆ ಬಿಡುವಿರಲಿಲ್ಲ.

"ಅಂತೂ ಬಿಟ್ಟರಲ್ಲ ನಿಮ್ಮ ಕಲ್ಲು ಹೃದಯದ ಸಾಹೇಬ್ರು!"

"ಅವರನ್ನ ಬೈಬೇಡ ಕಣೆ," ಎಂದೆ. "ನಿಶ್ಚಿತಾರ್ಥಕ್ಕೆ ಅವರು ಇಲ್ಲ ಅಂದಿರಲಿಲ್ಲ. ನಾನು ಕೇಳಲೇ ಇಲ್ಲ."

ಬಳೆ ಅವಳ ಬೆರಳ ಗೆಣ್ಣಿನಲ್ಲೇ ನಿಂತಿತು. "ಕೇಳಲೇ ಇಲ್ವಾ?"

ಫುಟ್‌ಬಾಲಿನ ಕಥೆಯನ್ನೆಲ್ಲ ಹೇಳಿದೆ, ಎಂಟು ಚಹಾದ ತನಕ. ಅವಳು ನಗುತ್ತಾಳೆ ಅಂದುಕೊಂಡಿದ್ದೆ.

"ನಂಬರ್ ಕೊಟ್ಟಿದ್ರೆ ನಾನೇ ಅವರಿಗೆ ಫೋನ್ ಮಾಡಿ ಕೇಳ್ತಿದ್ದೆನಲ್ಲ ಅಕ್ಕ," ಎಂದಳು. "ಆವತ್ತು ಉಂಗುರ ಹಾಕೋವರೆಗೂ ನೀನು ಬರ್ತೀಯಾ ಅಂತ ಬಾಗಿಲೇ ನೋಡ್ತಾ ಕೂತಿದ್ದೆ."