ಹುಲಿಗೆವ್ವನ ಎಡಗೋಲಿನ ಎತ್ತು

ಹುಲಿಗೆವ್ವ ಎದುರಾದವರ ಕ್ಷೇಮ ಕೇಳುವುದಕ್ಕಿಂತ ಮೊದಲು ತನ್ನ ಸೋದರಸೊಸೆಯ ಮೂತ್ರದ ಸಮಾಚಾರವನ್ನು ತಿಳಿಸುತ್ತಿದ್ದಳು. ಮಾನ್ವಿಯ ಸಂತೆಯ ನಟ್ಟನಡುವೆ, ನನ್ನ ವಿದ್ಯಾರ್ಥಿಗಳ ಸಮಕ್ಷಮದಲ್ಲಿ, ಆ ಕಂಠ ಮೊಳಗುತ್ತಿತ್ತು:

“ಮಾಸ್ತರ್ರೀ, ನಮ್ಮ ರೇಣುಕಾ ಮುಂಜಾನಿ ತಂಬಿಗಿ ತುಂಬ ಉಚ್ಚಿ ಹೊಯ್ದಾಳ್ರೀ!”

“ಸ್ವಲ್ಪ ಮೆಲ್ಲಗೆ ಹೇಳಬಾರದೇ?”

“ಯಾಕ್ರೀ, ಅಕಿ ಏನು ಕಳವು ಮಾಡ್ಯಾಳೇನು?”

ಈ ಸಂಭ್ರಮಕ್ಕೆ ಆಧಾರವಿತ್ತು. ಎಂಬತ್ತರ ದಶಕದ ನಡುವಿನ ಮಾತು. ನನ್ನ ತರಗತಿಯಲ್ಲಿದ್ದ ರೇಣುಕಾಳ ಎರಡು ಮೂತ್ರಪಿಂಡಗಳೂ ಕೆಟ್ಟಿದ್ದವು. ಅವಳ ತಂದೆ ಮಲ್ಲಯ್ಯ ನನ್ನ ನೆರೆಯವನು. ಹತ್ತಿಯ ಮಂಡಿಯಲ್ಲಿ ಹಮಾಲಿ. ಅವನು ಮಗಳನ್ನು ರಾಯಚೂರಿನಿಂದ ರೈಲಿನಲ್ಲಿ ದಕ್ಷಿಣದ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದ. ಪರೀಕ್ಷೆಯಲ್ಲಿ ಹೊಂದಿಕೆಯಾದದ್ದು ಅವನ ಅಕ್ಕನ ಮೂತ್ರಪಿಂಡ ಮಾತ್ರ. ದೇವದುರ್ಗದ ಕಡೆ ಒಂಟಿಯಾಗಿ ಬೇಸಾಯ ಮಾಡಿಕೊಂಡಿದ್ದ ವಿಧವೆ ಹುಲಿಗೆವ್ವ ತನ್ನ ಎಡಭಾಗದ್ದನ್ನು ಕೊಟ್ಟಳು. ಕೊಟ್ಟು, ನೊಗದ ಎಡಬದಿಗೆ ಹೂಡುವ ಎತ್ತೆಂಬ ಅರ್ಥದಲ್ಲಿ ಅದಕ್ಕೆ ‘ಎಡಗೋಲಿನ ಎತ್ತು’ ಎಂದು ಹೆಸರಿಟ್ಟಳು.

“ನನ್ನ ಬಂಡಿ ಒಂಟೆತ್ತಿನ ಮ್ಯಾಲೂ ಸಾಗತದ್ರೀ. ಕೂಸಿನ ಬಂಡ್ಯಾಗ ಒಂದೂ ಇದ್ದಿಲ್ಲಲ್ಲ!”

ಅನಂತರ ಎತ್ತಿನ ಉಸ್ತುವಾರಿಗೆಂದು ತಮ್ಮನ ಮನೆಯಲ್ಲೇ ಬೀಡುಬಿಟ್ಟಳು. ರೇಣುಕಾಳ ಗುಳಿಗೆಗಳು ಆಕೆಯ ಸೆರಗಿನ ಗಂಟಿನಿಂದ ಹೊರಬರುತ್ತಿದ್ದವು. ಹೆತ್ತ ತಂದೆಗೂ ಅವುಗಳ ಮೇಲೆ ಅಧಿಕಾರವಿರಲಿಲ್ಲ. ಹೀಗಿದ್ದೂ ಒಂದು ದಿನ ಹುಡುಗಿಗೆ ಜ್ವರ ಬಂದಿತು, ಕಾಲು ಬಾತವು, ಮೂತ್ರ ಇಳಿಮುಖವಾಯಿತು. ಮತ್ತೆ ಅದೇ ರೈಲು, ಅದೇ ಆಸ್ಪತ್ರೆ. ಈ ಬಾರಿ ದುಭಾಷಿಯಾಗಿ ನಾನೂ ಹೊರಟೆ.

“ಗುಳಿಗೆ ತಪ್ಪಿಸಿದ್ದೀರಾ?” ಎಂಬ ವೈದ್ಯರ ಪ್ರಶ್ನೆಯನ್ನು ನಾನು ಕನ್ನಡಿಸಿದೆ.

ಹುಲಿಗೆವ್ವ ಎದೆಯುಬ್ಬಿಸಿದಳು. “ಒಂದಿನಾನೂ ತಪ್ಪಿಸಿಲ್ರೀ! ಸೋಮವಾರ ಒಂದ ಬಿಟ್ಟು.”

ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ದಿನ. ಎತ್ತಿನ ಹೆಗಲಿಗೆ ಯಾರೂ ನೊಗ ಹೇರುವುದಿಲ್ಲ. “ದುಡಿಯೋ ಎತ್ತಿಗೆ ಒಂದಿನ ಬಿಡುವು ಬ್ಯಾಡೇನ್ರೀ? ಗುಳಿಗಿ ಕೊಟ್ಟು ಕೊಟ್ಟು ಅದನ್ನ ಹೊಡದು ದುಡಿಸ್ಲೇನು?”

ವೈದ್ಯರು ಸಿಟ್ಟಾಗಲಿಲ್ಲ. ಗುಳಿಗೆ ಮೂತ್ರಪಿಂಡವನ್ನು ದುಡಿಸುವುದಕ್ಕಲ್ಲ. ಹುಡುಗಿಯ ದೇಹದಲ್ಲಿರುವ ಕಾವಲುಪಡೆ ಹೊರಗಿನಿಂದ ಬಂದ ಅಂಗವನ್ನು ಶತ್ರುವೆಂದು ಬಗೆದು ಅದರ ಮೇಲೆರಗುತ್ತದೆ, ಗುಳಿಗೆ ಆ ಪಡೆಯನ್ನು ಹತೋಟಿಯಲ್ಲಿಡುತ್ತದೆ ಎಂದರು. ನಾನು ಪದಶಃ ಅನುವಾದಿಸಿದೆ. ಆಕೆ ಅದನ್ನು ತನ್ನ ಮಾತಿಗೆ ತಿರುಗಿಸಿಕೊಂಡಳು.

“ಅಂದ್ರ ನಾಯಿ ಅನ್ರಿ. ಹೊಸ ಎತ್ತು ಮನಿಗೆ ಬಂದ್ರ ಮೈಮ್ಯಾಲೆ ಹೋಗ್ತಾವಲ್ಲ, ಹಂಗ. ಗುಳಿಗಿ ಅಂಬೋದು ನಾಯಿ ಕಟ್ಟೋ ಸರಪಳಿ.” ಧ್ವನಿ ಒಮ್ಮೆಲೇ ಕುಸಿಯಿತು. “ಯಪ್ಪಾ, ನಾ ಎತ್ತು ಬಿಚ್ಚೀನಿ ಅಂತ ತಿಳ್ಕೊಂಡು ವಾರಾವಾರಾ ನಾಯಿ ಬಿಚ್ಚೀನಲ್ರೀ!”

ನನ್ನ ಪರಿಶುದ್ಧ ಅನುವಾದಕ್ಕಿಂತ ಅದು ಎಷ್ಟೋ ಸ್ಪಷ್ಟವಾಗಿತ್ತೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಪ್ರಬಲವಾದ ಔಷಧವನ್ನು ದಿನಂಪ್ರತಿ ರಕ್ತನಾಳಕ್ಕೆ ಹನಿಸಿದರು. ಫಲಿಸದಿದ್ದರೆ ಆ ಮೂತ್ರಪಿಂಡ ಹೋದಂತೆಯೇ, ಕೊಡಲು ಮತ್ತೊಬ್ಬರಿರಲಿಲ್ಲ. ಹಾಸಿಗೆಗೆ ತೂಗುಬಿಟ್ಟ ಮೂತ್ರದ ಚೀಲದೆದುರು ಹುಲಿಗೆವ್ವ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಳು. ಆಕೆ ಮಾತನಾಡದೆ ಇರಬಲ್ಲಳೆಂಬುದು ನನಗೆ ಗೊತ್ತಾದದ್ದು ಆಗಲೇ. ಕೆಲವು ದಿನಗಳ ಬಳಿಕ ಒಂದು ಮುಂಜಾನೆ ಚೀಲ ಉಬ್ಬಿತು. ಆಕೆ ವಾರ್ಡಿನ ಈ ತುದಿಯಿಂದ ಆ ತುದಿಯವರೆಗೆ ಅದನ್ನು ಸಾರುತ್ತ ಹೋದಳು. ಕನ್ನಡವೇ ಬಾರದ ರೋಗಿಗಳೆಲ್ಲ ಎದ್ದು ಕುಳಿತು ನಕ್ಕರು.

ಅದಾದ ಮೇಲೆ ಗುಳಿಗೆಗೆ ವಾರವಿಲ್ಲ, ಹಬ್ಬವಿಲ್ಲ. “ಯಾರರ ಸತ್ರೂ ಮದಲು ನುಂಗು, ಆಮ್ಯಾಲೆ ಅಳು,” ಎಂಬುದೇ ರೇಣುಕಾಳಿಗೆ ಆಕೆಯ ನಿತ್ಯೋಪದೇಶ.

ಒಂದೆರಡು ವರ್ಷ ಕಳೆದಿರಬೇಕು. ದೇವದುರ್ಗದ ಹೊಲಕ್ಕೆ ಸುಗ್ಗಿಯ ರಾಶಿಗೆಂದು ಹೋದ ಹುಲಿಗೆವ್ವ ಹಾವು ಕಚ್ಚಿ ತೀರಿಕೊಂಡಳು. ನಾವು ಹೋಗುವಷ್ಟರಲ್ಲಿ, ಅಲ್ಲಿನ ಪದ್ಧತಿಯಂತೆ, ಆಕೆಯ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ರೇಣುಕಾ ಅತ್ತೆಯ ಮೊಣಕಾಲಿಗೆ ಹಣೆಯಿಟ್ಟು ಬಿಕ್ಕುತ್ತಿದ್ದಳು. ಗುಳಿಗೆಯ ಹೊತ್ತಾಯಿತು. ಮಲ್ಲಯ್ಯ ಚರಿಗೆಯಲ್ಲಿ ನೀರು ತಂದ.

“ಹೆಣ ಎತ್ತೂತನಕ ಬಾಯಾಗ ಏನೂ ಹಾಕಬಾರದು ಬೇ!” ಎಂದು ಹಿರಿಯಳೊಬ್ಬಳು ಗದರಿದಳು.

ಹುಡುಗಿ ತಲೆಯೆತ್ತಿ ಅತ್ತೆಯ ಮುಖವನ್ನೊಮ್ಮೆ ನೋಡಿದಳು. ಗುಳಿಗೆ ನುಂಗಿದಳು, ಬಾಯಿ ಒರೆಸಿಕೊಂಡಳು; ಅಳುವನ್ನು ಬಿಟ್ಟಲ್ಲಿಂದ ಮುಂದುವರಿಸಿದಳು.